ಮುತ್ತೋಡಿ ಸಫಾರಿ: ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ

ಭದ್ರಾ ಹುಲಿ ಮೀಸಲು ಅರಣ್ಯಕ್ಕೆ ಹೊರಟವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ಹುಲಿ ಕಾಣುತ್ತಾ? ಕಾಣಬಹುದು, ಕಾಣದೆಯೂ ಇರಬಹುದು. ಬಂಡೀಪುರದಷ್ಟು ಬಯಲಾದ ಕಾಡು ಇದಲ್ಲ. ಸಾಗುವಾನಿ, ಬೀಟೆ, ಮತ್ತಿ, ಬಿದಿರು ಒತ್ತೊತ್ತಾಗಿ ಬೆಳೆದಿವೆ. ಹತ್ತು ಮಾರು ಒಳಗೆ ಆನೆ ನಿಂತಿದ್ದರೂ ಗೊತ್ತಾಗುವುದಿಲ್ಲ. ಇಲ್ಲಿ ಪ್ರಾಣಿಯ ಸುಳಿವು ಮೊದಲು ಸಿಗುವುದು ಕಿವಿಗೆ. ಅದಕ್ಕೇ ದೊಡ್ಡ ಗುಂಪು ಕಟ್ಟಿಕೊಂಡು ಹೋಗುವುದಕ್ಕಿಂತ ಒಬ್ಬ ಗೆಳೆಯನ ಜೊತೆ ಹೋಗುವುದು ವಾಸಿ. ಇಬ್ಬರಾದರೆ ಸುಮ್ಮನಿರುವುದು ಸುಲಭ.

ಎಲ್ಲಿಂದ ಒಳಗೆ ಹೋಗಬೇಕು?

ಎರಡು ಕಡೆಯಿಂದ ಹೋಗಬಹುದು. ಚಿಕ್ಕಮಗಳೂರಿನಲ್ಲಿ ಉಳಿದುಕೊಂಡಿದ್ದರೆ ಮುತ್ತೋಡಿ ಹತ್ತಿರ, ಸುಮಾರು 35 ಕಿಲೋಮೀಟರ್. ಕಾಫಿ ತೋಟಗಳ ನಡುವಿನ ತಿರುವು ರಸ್ತೆ, ಒಂದು ಗಂಟೆಗಿಂತ ಜಾಸ್ತಿಯೇ ಹಿಡಿಯುತ್ತದೆ. ಇನ್ನೊಂದು ದಾರಿ ತರೀಕೆರೆ ಕಡೆಯಿಂದ, ಲಕ್ಕವಳ್ಳಿಗೆ. ಅಲ್ಲಿ ಭದ್ರಾ ಜಲಾಶಯದ ಹಿನ್ನೀರಿದೆ, ದೋಣಿ ಸಫಾರಿಯೂ ಇದೆ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಮೊಟ್ಟೆಯಿಡಲು ಸೇರುತ್ತವೆ. ಆನೆಗಳೂ ನೀರಿಗೆ ಇಳಿಯುತ್ತವೆ. ಫೋಟೊ ಮುಖ್ಯ ಅನ್ನುವವರಿಗೆ ಲಕ್ಕವಳ್ಳಿ, ಕಾಡೇ ಮುಖ್ಯ ಅನ್ನುವವರಿಗೆ ಮುತ್ತೋಡಿ. ನನ್ನ ಮನಸ್ಸು ಮುತ್ತೋಡಿ ಕಡೆಗೇ. ಒಂದೇ ದಿನದಲ್ಲಿ ಎರಡನ್ನೂ ಮುಗಿಸಲು ಹೋದರೆ ದಿನವೆಲ್ಲ ಕಾರಿನಲ್ಲೇ ಕಳೆಯುತ್ತದೆ.

ಮಳೆಗಾಲ ಬಿಟ್ಟುಬಿಡಿ. ಅಕ್ಟೋಬರ್‌ನಿಂದ ಬೇಸಿಗೆಯವರೆಗೆ ಒಳ್ಳೆಯ ಕಾಲ. ಸಫಾರಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊರಡುತ್ತದೆ. ವಾರಾಂತ್ಯದಲ್ಲಿ ಜೀಪು ಸಿಗುವುದು ಕಷ್ಟ, ಮುಂಚೆಯೇ ಬುಕ್ ಮಾಡಿ, ಸಮಯ ಮತ್ತು ದರವನ್ನು ಆಗಲೇ ಕೇಳಿಕೊಳ್ಳಿ. ಆಧಾರ್ ಕಾರ್ಡ್, ಸ್ವಲ್ಪ ನಗದು ಜೇಬಿನಲ್ಲಿರಲಿ. ಮೊಬೈಲ್ ಸಿಗ್ನಲ್ ನಂಬಿಕೊಂಡು ಯುಪಿಐ ಮಾಡುತ್ತೇನೆ ಅಂದುಕೊಳ್ಳಬೇಡಿ.

ಹಿಂದಿನ ರಾತ್ರಿ

ಹಸಿರು, ಖಾಕಿ, ಮಣ್ಣಿನ ಬಣ್ಣದ ಬಟ್ಟೆ ತೆಗೆದಿಡಿ. ಪೂರ್ತಿ ತೋಳಿನ ಅಂಗಿ, ಉದ್ದ ಪ್ಯಾಂಟು, ಶೂ. ಬೆಳಗಿನ ಚಳಿಗೆ ಸ್ವೆಟರ್ ಬೇಕೇ ಬೇಕು, ತೆರೆದ ಜೀಪಿನಲ್ಲಿ ಗಾಳಿ ಮೂಳೆಗೆ ತಾಗುತ್ತದೆ. ಸೆಂಟ್ ಹಾಕಿಕೊಳ್ಳಬೇಡಿ. ನೀರಿಗೆ ಸ್ಟೀಲ್ ಬಾಟಲಿ. ಎಂಟು ಪಟ್ಟು ಹತ್ತಿರ ತೋರಿಸುವ 8×42 ಬೈನಾಕ್ಯುಲರ್ ಇದ್ದರೆ ದೊಡ್ಡ ಕ್ಯಾಮೆರಾಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾದ ಫ್ಲ್ಯಾಶ್ ಮತ್ತು ಬೀಪ್ ಸದ್ದನ್ನು ಮನೆಯಲ್ಲೇ ಆಫ್ ಮಾಡಿ.

ಇಷ್ಟೇ ಮುಖ್ಯವಾದದ್ದು ಗೆಳೆಯನ ಜೊತೆಗಿನ ಒಪ್ಪಂದ. ಎಡಗಡೆ ಒಬ್ಬರು ನೋಡಿ, ಬಲಗಡೆ ಇನ್ನೊಬ್ಬರು. ಏನಾದರೂ ಕಂಡರೆ ಕೂಗಬೇಡಿ, ಎದ್ದು ನಿಂತು ಬೆರಳು ತೋರಿಸಲೂ ಬೇಡಿ. ಭುಜ ಮುಟ್ಟಿ ಗಡಿಯಾರದ ಲೆಕ್ಕದಲ್ಲಿ ದಿಕ್ಕು ಹೇಳಿ. ಜೀಪಿನ ಮೂತಿ ಹನ್ನೆರಡು ಗಂಟೆ. 'ಎರಡು ಗಂಟೆ, ಬಿದಿರಿನ ಬುಡ' ಎಂದು ಪಿಸುಗುಟ್ಟಿದರೆ ಸಾಕು.

ಜೀಪಿನಲ್ಲಿ

ಹೊರಟ ಸ್ವಲ್ಪ ಹೊತ್ತಿಗೆ ಚಾಲಕರಿಗೆ ಒಂದು ಮಾತು ಹೇಳಿ: 'ಅಣ್ಣಾ, ಹುಲಿಗಾಗಿ ಓಡಿಸಬೇಡಿ, ಒಂದೆರಡು ಕಡೆ ಇಂಜಿನ್ ಆಫ್ ಮಾಡಿ.' ಸಾಮಾನ್ಯವಾಗಿ ಅವರಿಗೂ ಇದು ಖುಷಿ ಕೊಡುತ್ತದೆ. ಇಂಜಿನ್ ನಿಂತ ಮೇಲೆ ಮೊದಲು ಕೇಳುವುದು ಹಕ್ಕಿಗಳ ದನಿ. ಆಮೇಲೆ ಒಣ ಎಲೆಯ ಚರಚರ. ಮೇಲಿನ ಕೊಂಬೆಯಲ್ಲಿ ಕೆಂದಳಿಲು ಕಟಕಟ ಎನ್ನುತ್ತದೆ.

ಬೇಟೆಯಾಡುವ ಪ್ರಾಣಿ ಓಡಾಡುತ್ತಿದ್ದರೆ ಕಾಡೇ ಸುದ್ದಿ ಕೊಡುತ್ತದೆ. ಮರದ ಮೇಲಿನ ಮುಸುವ ಖೆಕ್ ಖೆಕ್ ಎಂದು ಕೆಮ್ಮಿದ ಹಾಗೆ ಕೂಗುತ್ತದೆ. ಚುಕ್ಕೆ ಜಿಂಕೆ ಚೂಪಾಗಿ ಕೀಚಲು ಧ್ವನಿ ತೆಗೆಯುತ್ತದೆ. ಆದರೆ ಜಿಂಕೆ ಸುಮ್ಸುಮ್ನೆ ಬೆಚ್ಚುವುದೂ ಉಂಟು. ಕಡವೆ ಹಾಗಲ್ಲ. ಅದು ಕಾಲು ನೆಲಕ್ಕೆ ಬಡಿದು ಢಾಂಕ್ ಎಂದು ಕೂಗಿ, ಸ್ವಲ್ಪ ಬಿಟ್ಟು ಮತ್ತೆ ಕೂಗಿತು ಎಂದರೆ ಆ ಕಡೆ ಹುಲಿಯೋ ಚಿರತೆಯೋ ಇದೆ ಎಂದು ತಿಳಿದವರು ನಂಬುತ್ತಾರೆ. ಆಗ ಕದಲದೆ ಕೂತುಕೊಳ್ಳಿ, ಹತ್ತು ಹದಿನೈದು ನಿಮಿಷವಾದರೂ ಸರಿ.

ಕಾಡುಕೋಣ ಎದುರಾದರೆ ಹುಲಿಯನ್ನು ಮರೆಯುತ್ತೀರಿ. ಕಪ್ಪಗೆ ಮಿರುಗುವ ಮೈ, ಬೆನ್ನ ಮೇಲೆ ಎದ್ದ ದಿಣ್ಣೆ, ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ ತೊಟ್ಟ ಹಾಗೆ. ಬಾಯಲ್ಲಿ ಹುಲ್ಲು ಹಿಡಿದೇ ನಿಮ್ಮನ್ನು ದಿಟ್ಟಿಸುತ್ತದೆ. ಪುಸ್ಸೆಂದು ಮೂಗಿನಿಂದ ಉಸಿರು ಬಿಡುತ್ತದೆ. 1989ರ ಹೊತ್ತಿಗೆ ರಿಂಡರ್‌ಪೆಸ್ಟ್ ರೋಗ ಬಂದು ಈ ಕಾಡಿನ ಕಾಡುಕೋಣಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ದನಗಳಿಗೆ ಬರುತ್ತಿದ್ದ ರೋಗ ಅದು. 1998ರಲ್ಲಿ ಭದ್ರಾ ಅರಣ್ಯ ಕೇಂದ್ರ ಸರ್ಕಾರದ ಹುಲಿ ಸಂರಕ್ಷಣಾ ಯೋಜನೆಗೆ ಸೇರಿತು. 2001-02ರ ಸುಮಾರಿಗೆ ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ ಬಿಟ್ಟು ಕಾಡಿನ ಹೊರಗಿನ ಎಂ.ಸಿ. ಹಳ್ಳಿ, ಕೆಳಗೂರು ಕಡೆ ಹೊಸ ಬದುಕು ಕಟ್ಟಿಕೊಂಡವು. ನೀವು ಇವತ್ತು ನೋಡುವ ಹುಲ್ಲುಗಾವಲುಗಳಲ್ಲಿ ಕೆಲವು ಒಂದು ಕಾಲದ ಗದ್ದೆಗಳು. ಅಲ್ಲಿ ಮೇಯುವ ಜಿಂಕೆ ಹಿಂಡು ನೋಡುವಾಗ ಆ ಕುಟುಂಬಗಳನ್ನೂ ನೆನೆಯಬೇಕು ಅಲ್ವಾ? ಅಂಥ ಜಾಗದಲ್ಲಿ ಚಿಪ್ಸ್ ಪೊಟ್ಟಣ ಎಸೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಜೀಪಿನಿಂದ ಇಳಿಯಬೇಡಿ. ಮುಸುವಗಳಿಗೆ ಬಾಳೆಹಣ್ಣು ಕೊಡಬೇಡಿ. ಆನೆ ಕಿವಿ ಅಗಲಿಸಿ ನಿಂತರೆ ಮೊಬೈಲ್ ಕೆಳಗಿಡಿ, ಚಾಲಕರು ಹೇಳಿದ ಹಾಗೆ ಕೇಳಿ.

ಮುಗಿದ ಮೇಲೆ

ಬೆಳಗಿನ ಸಫಾರಿಯಾಗಿದ್ದರೆ ತಿಂಡಿ ವಾಪಸ್ ಬಂದೇ ತಿನ್ನಿ. ಬಿಸಿ ಕಡುಬು, ಚಟ್ನಿ, ಒಂದು ಲೋಟ ಕಾಫಿ. ಸಮಯವಿದ್ದರೆ ಮುತ್ತೋಡಿಯ ಹಳೆಯ ದೈತ್ಯ ಸಾಗುವಾನಿ ಮರ ತೋರಿಸುತ್ತಾರಾ ಎಂದು ಸಿಬ್ಬಂದಿಯನ್ನು ಕೇಳಿ.

ರೂಮಿಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈಯಲ್ಲಿ ಉಣುಗು ಕಚ್ಚಿಕೊಂಡಿದೆಯೇ ನೋಡಿ. ಮೊಣಕಾಲಿನ ಹಿಂದೆ, ಸೊಂಟದ ಸುತ್ತ, ಕಂಕುಳಲ್ಲಿ ಮುಖ್ಯವಾಗಿ. ಬೆನ್ನು, ಕಿವಿಯ ಹಿಂಭಾಗವನ್ನು ಗೆಳೆಯ ನೋಡಲಿ. ಮಲೆನಾಡಿನಲ್ಲಿ ಮಂಗನಕಾಯಿಲೆ ಹರಡುವುದು ಈ ಉಣುಗುಗಳಿಂದಲೇ, ಅದೂ ಮಳೆ ನಿಂತ ಒಣ ತಿಂಗಳುಗಳಲ್ಲಿ. ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ, ಕಾಡಿಗೆ ಹೋಗಿದ್ದನ್ನು ಮೊದಲು ಹೇಳಿ.