ಗಲ್ಲೆ ಬಿಟ್ಟು ಎದ್ದದ್ದು

ಮುಂಬೈಯ ಮಾಟುಂಗಾದಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್ ಇದೆ. ಸ್ವಂತದ್ದಲ್ಲ, ಕಂಡಕ್ಟಿಂಗಿಗೆ ತಗೊಂಡದ್ದು, ಅಂದರೆ ಓನರಿಗೆ ದುಡ್ಡು ಕೊಟ್ಟು ನಾವು ನಡೆಸುವುದು. 14 ಮೇಜು, 11 ಜನ ಹುಡುಗರು, ಒಂದು ಗಲ್ಲೆ, ಅಂದರೆ ದುಡ್ಡಿನ ಕೌಂಟರ್. ಆ ಗಲ್ಲೆಯ ಹಿಂದೆ 19 ವರ್ಷ ಕೂತವನು ನಾನು. ಬೆಳಿಗ್ಗೆ ಆರಕ್ಕೆ ಶಟರ್ ಎತ್ತುತ್ತಿದ್ದವನೂ ನಾನೇ, ರಾತ್ರಿ ಹನ್ನೊಂದಕ್ಕೆ ಇಳಿಸುತ್ತಿದ್ದವನೂ ನಾನೇ. ಮಧ್ಯೆ ಒಂದು ಊಟ. ಅದೂ ಗಲ್ಲೆಯಲ್ಲೇ, ಎಡಗೈಯಲ್ಲಿ ಚಿಲ್ಲರೆ ಕೊಡುತ್ತಾ.

ಒತ್ತಡ ಅನ್ನುವುದು ಪೇಪರಿನ ಭಾಷೆ. ನಮ್ಮ ಕುಂದಾಪುರದ ಕಡೆ ಅದಕ್ಕೆ ತಲೆಬಿಸಿ ಅಂತಾರೆ. ತಲೆಬಿಸಿ ಇಲ್ಲದ ಹೋಟೆಲಿನವನನ್ನು ನಾನಂತೂ ನೋಡಿಲ್ಲ. ಗ್ಯಾಸಿನ ರೇಟು, ಲೈಸೆನ್ಸ್ ರಿನೀವಲ್, ಊರಿಗೆ ಹೋದ ಹುಡುಗ ವಾಪಸ್ ಬಾರದಿರುವುದು, ಮೊಬೈಲಲ್ಲಿ ಯಾರೋ ಕೊಟ್ಟ ಒಂದು ಸ್ಟಾರ್. ಹುಡುಗನಾಗಿದ್ದಾಗ ಮುಂಬೈಗೆ ಬಂದ ನಮ್ಮ ಅಪ್ಪಯ್ಯ ಹಗಲಿಡೀ ಕಪ್ಪು ತೊಳೆದು, ರಾತ್ರಿ ಶಾಲೆಯಲ್ಲಿ ಹೈಸ್ಕೂಲು ಮುಗಿಸಿದವರು. ಅವರ ಎದುರು ನಾನು 'ಸುಸ್ತು' ಅನ್ನುವುದು ಹೇಗೆ? ತಲೆಬಿಸಿ ಜಾಸ್ತಿ ಇದ್ದಷ್ಟೂ ದುಡಿಮೆ ಜಾಸ್ತಿ ಅಂತಲೇ ತಿಳಿದಿದ್ದೆ.

ಮೂರು ವರ್ಷದ ಹಿಂದಿನ ಒಂದು ಭಾನುವಾರ. ಬೆಳಿಗ್ಗೆ ಹತ್ತರ ಹೊತ್ತು, ಹೊರಗೆ ಸಾಲು. ಹೊಸ ಹುಡುಗನೊಬ್ಬ ಆರು ಕಾಫಿಯ ಟ್ರೇ ಬೀಳಿಸಿದ. ನಾನು ಕೂಗಿದ ಕೂಗಿಗೆ ಹೋಟೆಲ್ ಇಡೀ ತಿರುಗಿ ನೋಡಿತು. ಕೂಗಿ ಮುಗಿಸುವಷ್ಟರಲ್ಲಿ ಎದೆ ಹಿಡಿದುಕೊಂಡಿತು. ಎಡ ಭುಜದ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗೆ. ಬೆವರು. ಗ್ಯಾಸ್ ಇರಬೇಕು ಅಂತ ಸೋಡಾಕ್ಕೆ ಉಪ್ಪು, ನಿಂಬೆ ಹಾಕಿ ಕುಡಿದೆ. ಎರಡು ಗಂಟೆ ಹಾಗೇ ಕೂತು ಬಿಲ್ಲು ಹರಿದೆ. ಮಧ್ಯಾಹ್ನದ ಊಟದ ಗಡಿಬಿಡಿಗೆ ಕೈ ಕೊಡಲು ಬಂದ ಹೆಂಡತಿ ಮುಖ ನೋಡಿದವಳೇ, "ಹ್ವಾಯ್, ಎಂತ ಆಯ್ತ್ ನಿಮ್ಗೆ?" ಅಂತ ಟ್ಯಾಕ್ಸಿ ನಿಲ್ಲಿಸಿದಳು.

ಇಸಿಜಿ, ರಕ್ತ ಪರೀಕ್ಷೆ ಎರಡರಲ್ಲೂ ಹಾರ್ಟ್ ಅಟ್ಯಾಕ್ ಕಾಣಲಿಲ್ಲ. ಬಿಪಿ ಮಾತ್ರ 178/106. ಡಾಕ್ಟರಮ್ಮ ಮೊದಲು ಬೈದರು. ಎದೆ ಹಿಡಿದುಕೊಂಡು ಬೆವರು ಬಂದರೆ ಸೋಡಾ ಕುಡಿಯುತ್ತಾ ಕೂರುವುದಲ್ಲ, ನೇರ ಆಸ್ಪತ್ರೆಗೆ ಬರಬೇಕು, ಈ ಸಲ ಬಚಾವಾದಿರಿ ಅಷ್ಟೆ ಅಂದರು. ಆಮೇಲೆ ಕೇಳಿದರು, ಕೊನೆಯ ಸಲ ರಜೆ ಮಾಡಿದ್ದು ಯಾವಾಗ? ನಾನು ಹೆಂಡತಿಯ ಮುಖ ನೋಡಿದೆ. ಅವಳು ಮೇಲೆ ಫ್ಯಾನ್ ನೋಡಿದಳು.

ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ. ಆ ರಾತ್ರಿ ನನ್ನ ಲೆಕ್ಕ ಹಾಕಿದೆ. 17 ಗಂಟೆ, ಏಳು ದಿನ. 119.

ಡಾಕ್ಟರಮ್ಮ ವಿವರಿಸಿದ್ದು ಸರಳವಾಗಿತ್ತು. ಹೆದರಿಕೆಯೋ ಸಿಟ್ಟೋ ಬಂದಾಗ ಕಿಡ್ನಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಬಿಡುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ಬಿಪಿ ಏರುತ್ತದೆ. ಹಿಂದೆಯೇ ಕಾರ್ಟಿಸಾಲ್ ಬರುತ್ತದೆ, ಲಿವರಿನಲ್ಲಿದ್ದ ಸಕ್ಕರೆ ರಕ್ತಕ್ಕೆ ಇಳಿಯುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಓಡಲು ಇದೆಲ್ಲ ಬೇಕೇ ಬೇಕು. ಓಡಿ ಆದ ಮೇಲೆ ಎಲ್ಲ ಇಳಿಯಬೇಕು. ನನ್ನದು ಇಳಿಯುತ್ತಲೇ ಇರಲಿಲ್ಲ. ಓಡುವುದೂ ಇಲ್ಲ, ಕುರ್ಚಿಯಲ್ಲಿ ಕೂತೇ ಇರುವುದು.

ನಮ್ಮ ದೋಸೆ ಭಟ್ರನ್ನು ನೋಡಿ. ಒಂದೊಂದು ದೋಸೆ ಎತ್ತಿದ ಮೇಲೂ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಆಮೇಲೆ ಹಿಟ್ಟು ಹುಯ್ಯುತ್ತಾರೆ. ಎಷ್ಟೇ ರಶ್ ಇರಲಿ, ಆ ಚಿಮುಕಿಸುವುದು ತಪ್ಪುವುದಿಲ್ಲ. ತಪ್ಪಿದರೆ ಹಿಟ್ಟು ಹಿಡಿದುಕೊಳ್ಳುತ್ತದೆ, ದೋಸೆ ಏಳುವುದಿಲ್ಲ. 19 ವರ್ಷ ದಿನಾ ಅದನ್ನು ನೋಡುತ್ತಾ ಕೂತಿದ್ದೆ.

ನೀರು ಬೀಳದ ಕಾವಲಿಯ ಲಕ್ಷಣ ನನ್ನ ಮೈಯಲ್ಲಿ ಎಲ್ಲೆಲ್ಲೂ ಇತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 6.2. ಅಂದರೆ ಡಯಾಬಿಟಿಸ್ ಅಂಗಳಕ್ಕೆ ಬಂದಿದೆ, ಮನೆಯೊಳಗೆ ಬಂದಿಲ್ಲ. ಹೊಟ್ಟೆಯ ಸುತ್ತ ಮಾತ್ರ ಬೊಜ್ಜು. ನಿದ್ದೆಯಲ್ಲಿ ಹಲ್ಲು ಕಡಿದು ದವಡೆ ಹಲ್ಲು ಸವೆದಿದೆ ಅಂತ ಹಲ್ಲಿನ ಡಾಕ್ಟರು ಹಿಂದಿನ ವರ್ಷವೇ ಹೇಳಿದ್ದರು. ತಿಂಗಳಿಗೊಂದು ಸಲ ನೆಗಡಿ. ಒತ್ತಡ ಹೆಚ್ಚಿರುವವರಿಗೆ ನೆಗಡಿ ಬೇಗ ಹತ್ತುತ್ತದೆ ಅಂತ ಶೆಲ್ಡನ್ ಕೋಹೆನ್ ಅನ್ನುವ ಮನಶ್ಶಾಸ್ತ್ರಜ್ಞರು 1991ರಲ್ಲೇ ತೋರಿಸಿದ್ದಾರೆ. ಒಪ್ಪಿ ಬಂದವರ ಮೂಗಿಗೆ ವೈರಸ್ ಹನಿ ಬಿಟ್ಟು ನೋಡಿದ್ದಂತೆ. ನಾನು ಮಾತ್ರ ಎಸಿ ಮೇಲೆ ತಪ್ಪು ಹಾಕುತ್ತಿದ್ದೆ.

ಬಿಪಿ ಮಾತ್ರೆ ಶುರುವಾಯಿತು. ಈಗಲೂ ಇದೆ, ದಿನಕ್ಕೊಂದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರೂ ಮಾತ್ರೆ ಬಿಡುವುದು ಬೇಡ.

ಮೊದಲ ಎರಡು ತಿಂಗಳು ಮಾಡಿದ್ದೆಲ್ಲ ದಂಡ. ಮೂರು ತಿಂಗಳ ಫೀಸು ಕಟ್ಟಿ ಯೋಗ ಕ್ಲಾಸಿಗೆ ನಾಲ್ಕು ದಿನ ಹೋದೆ. ಐದನೇ ದಿನ ಹಾಲು ಬರಲಿಲ್ಲ, ಯೋಗ ಮುಗಿಯಿತು. ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋದೆ, ಎಂಟು ದಿನ. ದಿನಕ್ಕೆ 30 ಸಲ ಹೋಟೆಲಿಗೆ ಫೋನ್. ನಾಲ್ಕನೇ ದಿನ ಅಮ್ಮ, "ಮಗಾ, ನೀನು ಅಲ್ಲೇ ಇದ್ದಿದ್ರೆ ಫೋನಿನ ದುಡ್ಡಾದ್ರೂ ಉಳೀತಿತ್ತು" ಅಂದರು. ಈಗ ಒಂದೊಂದು ಕರೆಗೂ ಬೇರೆ ದುಡ್ಡು ಕೊಡಬೇಕಿಲ್ಲ ಅಂತ ಅವರಿಗೆ ಗೊತ್ತಿಲ್ಲ, ಆದರೆ ಮಾತು ಸರಿಯಿತ್ತು.

ಅಕ್ಕನ ಮಗ ಎರಡು ವರ್ಷದಿಂದ ಹೋಟೆಲಲ್ಲೇ ಇದ್ದ. ಬಿ.ಕಾಂ. ಮಾಡಿದವನು. ಅವನಿಗೆ ನಾನು ಕೊಟ್ಟ ಕೆಲಸ ಅಂದರೆ ಮೇಜು ನೋಡಿಕೊಳ್ಳುವುದು, ತರಕಾರಿ ತರುವುದು. ಗಲ್ಲೆಯ ಚಾವಿ ಕೊಟ್ಟಿರಲಿಲ್ಲ. ಡಾಕ್ಟರಮ್ಮ ದಿನಾ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ನಡೆಯಿರಿ ಅಂದಾಗ, ಟೈಮ್ ಎಲ್ಲಿದೆ ಮೇಡಂ ಅಂದೆ. ಮಧ್ಯಾಹ್ನ ಮೂರೂವರೆಯಿಂದ ಐದರ ತನಕ ಯಾವ ಉಡುಪಿ ಹೋಟೆಲಲ್ಲಿ ರಶ್ ಇರುತ್ತದೆ, ನಾನೂ ಮಾಟುಂಗಾದವಳೇ ಅಂದರು. ಬಾಯಿ ಮುಚ್ಚಿತು.

ಮೊದಲ ದಿನ ಅಳಿಯನಿಗೆ ಚಾವಿ ಕೊಟ್ಟು ಹೊರಟವನು ಎಲ್ಲಿಗೆ ಹೋದೆ ಗೊತ್ತಾ? ಎದುರಿನ ಫುಟ್‌ಪಾತಿನ ಪಾನ್ ಅಂಗಡಿಗೆ. ಅಲ್ಲಿಂದ ಒಂದು ಗಂಟೆ ಗಲ್ಲೆ ನೋಡುತ್ತಾ ನಿಂತೆ. ಎರಡನೇ ದಿನವೂ ಅಷ್ಟೆ. ಮೂರನೇ ದಿನ ಪಾನ್ ಅಂಗಡಿಯವನು, ಸೇಠ್, ಏನಾದರೂ ಪ್ರಾಬ್ಲಮ್ಮಾ ಅಂದ. ನಾಚಿಕೆಯಾಗಿ ಫೈವ್ ಗಾರ್ಡನ್ಸ್ ಕಡೆ ನಡೆದೆ. ಇಷ್ಟು ವರ್ಷ ಅಷ್ಟು ಹತ್ತಿರ ಇದ್ದೂ ಆ ಮರಗಳ ಕೆಳಗೆ ಒಮ್ಮೆಯೂ ಕೂತಿರಲಿಲ್ಲ. ಬಿಸಿಲಿನ ಹೊತ್ತಲ್ಲೂ ಅಲ್ಲಿ ನೆರಳಿದೆ.

ನಾಲ್ಕನೇ ದಿನ ವಾಪಸ್ ಬಂದಾಗ 340 ರೂಪಾಯಿ ಕಡಿಮೆ. ನೆತ್ತಿಗೇರಿತು. ನೋಡಿದ್ಯಾ, ಇದಕ್ಕೇ ನಾನು ಏಳುವುದಿಲ್ಲ ಅಂತ ಶುರು ಮಾಡಿದೆ. ಅಳಿಯ ಮಾತಾಡದೆ ಡ್ರಾಯರಿನ ಮೂಲೆಯಿಂದ ಒಂದು ಚೀಟಿ ತೆಗೆದು ಇಟ್ಟ. ತೆಂಗಿನಕಾಯಿಯವನಿಗೆ ಕೊಟ್ಟದ್ದು, 340, ಸಹಿ ಸಮೇತ. ನನ್ನ ಕಾಲದಲ್ಲಿ ಅಂಥ ಚೀಟಿಯೇ ಇರುತ್ತಿರಲಿಲ್ಲ, ಎಲ್ಲ ನನ್ನ ತಲೆಯಲ್ಲಿ. ಆ ತಲೆಯೇ ಬಿಸಿಯಾಗಿದ್ದದ್ದು.

ನಡಿಗೆಯಿಂದ ಆದ ಲಾಭ ಬರೀ ಕಾಲಿನದ್ದಲ್ಲ. ಅಲ್ಲಿ ಧಾರವಾಡದ ಕಡೆಯ ಒಬ್ಬರು ನಿವೃತ್ತ ಬ್ಯಾಂಕಿನವರು ಸಿಗುತ್ತಾರೆ. "ಬರ್ರಿ ಶೆಟ್ರ, ಇವತ್ತ ಲೇಟ್ ಆತಲ್ಲ" ಅಂತಾರೆ. ನಾನು ಶೆಟ್ಟಿ ಅಲ್ಲ, ಮುಂಬೈಯಲ್ಲಿ ಹೋಟೆಲ್ ಇಟ್ಟವರೆಲ್ಲ ಶೆಟ್ಟರೇ, ತಿದ್ದಲು ಹೋಗಿಲ್ಲ. ಅವರ ಜೊತೆ ಜೋಳದ ರೊಟ್ಟಿ, ಮಳೆ, ಮೊಮ್ಮಗಳ ಶಾಲೆ ಎಲ್ಲ ಮಾತಾಡುತ್ತೇವೆ. ಬಿಲ್ಲು, ಚಿಲ್ಲರೆ ಇಲ್ಲದ ಮಾತು ಆಡಿ ನನಗೆ ಎಷ್ಟೋ ವರ್ಷವಾಗಿತ್ತು.

ಉಸಿರಾಟದ ವಿಷಯ. ನಿಮಿಷಕ್ಕೆ ಆರು ಉಸಿರು, ಒಳಗೆ ತೆಗೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನ. ನಾಲ್ಕು ಎಣಿಸಿ ತೆಗೆದುಕೊಂಡು ಆರು ಎಣಿಸಿ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಮಿದುಳಿನಿಂದ ಎದೆಗೆ, ಹೊಟ್ಟೆಗೆ ಇಳಿಯುವ ವೇಗಸ್ ನರ ಎದೆ ಬಡಿತವನ್ನು ತಗ್ಗಿಸುತ್ತದೆ, ಉಸಿರು ಬಿಡುವಾಗ ಅದರ ಕೆಲಸ ಜಾಸ್ತಿ. ಮೊದಲ ದಿನ ಹುಮ್ಮಸ್ಸಿನಲ್ಲಿ ಎದೆ ತುಂಬ ಎಳೆದೆಳೆದು ತಲೆ ತಿರುಗಿತು. ಜೋರಾಗಿ ಎಳೆಯುವುದಲ್ಲ, ಸುಮ್ನೆ ನಿಧಾನ ಮಾಡುವುದು. ಇದಕ್ಕೆ ಚಾಪೆ ಬೇಕಿಲ್ಲ, ಅಗರಬತ್ತಿ ಬೇಕಿಲ್ಲ. ನೋಟು ಎಣಿಸುವ ಮಷೀನು ಬರ್ರ್ ಅನ್ನುವಾಗ ಗಲ್ಲೆಯಲ್ಲೇ ಮಾಡುತ್ತೇನೆ. ಕೂಗಬೇಕು ಅನ್ನಿಸಿದಾಗ ಮೂರು ಉಸಿರು ಮಾಡುತ್ತೇನೆ. ಕೆಲವು ಸಲ ಮೂರು ಉಸಿರಾದ ಮೇಲೂ ಕೂಗುತ್ತೇನೆ, ಅದು ಬೇರೆ.

ನಿಜವಾಗಿ ಕಷ್ಟವಾದದ್ದು ರಾತ್ರಿ. ಹೋಟೆಲ್ ಮುಚ್ಚಿ ಮನೆಗೆ ಬಂದು ಎರಡು ಪೆಗ್, ಆಮೇಲೆ ಹಾಸಿಗೆಯಲ್ಲಿ ಗಿರಾಕಿಗಳ ರಿವ್ಯೂ ಓದುತ್ತಾ ಎರಡು ಗಂಟೆ. 'ಸಾಂಬಾರ್ ಸಿಹಿ' ಅಂತ ಬರೆದವನಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಾ ಮಲಗುವುದು. ಪೆಗ್ಗಿನಿಂದ ನಿದ್ದೆ ಬೇಗ ಹತ್ತುತ್ತದೆ, ಆದರೆ ಮೂರೂವರೆಗೆ ಎಬ್ಬಿಸಿ ಕೂರಿಸುತ್ತದೆ. ಬಿಟ್ಟೆ ಅಂತ ಸುಳ್ಳು ಹೇಳುವುದಿಲ್ಲ, ಈಗ ಶನಿವಾರ ಮಾತ್ರ. ಕಾಫಿಯದ್ದೂ ಇದೇ ಕತೆ. ಡಿಕಾಕ್ಷನ್ ರುಚಿ ನೋಡುವ ನೆಪದಲ್ಲಿ ದಿನಕ್ಕೆ ಒಂಬತ್ತು ಅರ್ಧ ಲೋಟ ಆಗುತ್ತಿತ್ತು. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಏಳರ ಕಾಫಿ ನಡುರಾತ್ರಿ ನನ್ನ ಜೊತೆ ಹಾಸಿಗೆಯಲ್ಲೇ ಇರುತ್ತಿತ್ತು. ಈಗ ಮಧ್ಯಾಹ್ನ ಎರಡರ ನಂತರ ರುಚಿ ನೋಡುವ ಕೆಲಸ ಅಳಿಯನದ್ದು. ಬೆಳಿಗ್ಗೆ ಶಟರ್ ಎತ್ತುವುದೂ ಅವನೇ, ನಾನು ಒಂಬತ್ತಕ್ಕೆ ಬರುತ್ತೇನೆ. ಏಳು ಗಂಟೆ ನಿದ್ದೆ ಬಹುತೇಕ ದಿನ ಆಗುತ್ತದೆ.

ತಲೆಯಲ್ಲಿ ಸುತ್ತುವುದನ್ನು ಇಳಿಸಲು ಹಳೆಯ ಬಿಲ್ ಪುಸ್ತಕದ ಬೆನ್ನಲ್ಲಿ ಬರೆಯುತ್ತೇನೆ. ಗಾರ್ಡನ್ನಿನ ಬೆಂಚಿನಲ್ಲಿ ಹತ್ತು ನಿಮಿಷ, ನಡುವೆ ಒಂದು ಗೆರೆ. ಎಡಕ್ಕೆ ನಾಳೆ ಮಾಡಬಹುದಾದದ್ದು, ಬಲಕ್ಕೆ ನನ್ನ ಕೈಯಲ್ಲಿ ಇಲ್ಲದ್ದು. ಒಂದು ಹಾಳೆ ಹೀಗಿದೆ. ಎಡಕ್ಕೆ: 'ಮೋರಿ ಕಟ್ಟಿದೆ, ಪ್ಲಂಬರ್. ಹಾಲಿನ ಬಾಕಿ. ಮಗಳ ಫೀಸು 15ರೊಳಗೆ.' ಬಲಕ್ಕೆ: 'ಕಂಡಕ್ಟಿಂಗ್ ರಿನೀವಲ್‌ಗೆ ಓನರ್ ಎಷ್ಟು ಕೇಳುತ್ತಾನೋ. ಮಳೆ. ಆ ಸಾಂಬಾರ್‌ನವನು.' ರಾತ್ರಿ ಅದೇ ವಿಷಯ ತಲೆಗೆ ಬಂದರೆ ಬರೆದಾಗಿದೆ ಮಾರಾಯ ಅಂತ ನನಗೇ ಹೇಳಿಕೊಳ್ಳುತ್ತೇನೆ. ಅರ್ಧ ಸಲ ಕೆಲಸ ಮಾಡುತ್ತದೆ.

ಬರೆದರೂ, ನಡೆದರೂ ಇಳಿಯದ ತಲೆಬಿಸಿಯೂ ಇದೆ. ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ಅದು ನನ್ನಂಥವರ ಬಿಲ್ ಪುಸ್ತಕಕ್ಕೆ ಬಗ್ಗುವುದಿಲ್ಲ. ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲೂ ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡಬಹುದು. ನಮ್ಮ ಅಡುಗೆ ಮನೆಯ ಗೋಡೆಗೆ ಅದನ್ನು ಅಂಟಿಸಿದ್ದೇನೆ.

ಯಾಕೆ ಅಂಟಿಸಿದೆ ಅಂದರೆ, ನನ್ನ ತಲೆಬಿಸಿ ಬರೀ ನನ್ನದಾಗಿರಲಿಲ್ಲ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ ಹೃದ್ರೋಗದಿಂದ ಜಾಸ್ತಿ ಸತ್ತವರು ದೊಡ್ಡ ಸಾಹೇಬರಲ್ಲ, ಕೆಳಗಿನ ದರ್ಜೆಯವರು. ಕೆಲಸದ ಮೇಲೆ ತನಗೆ ಹಿಡಿತವೇ ಇಲ್ಲ ಅನ್ನುವುದೂ ಅದಕ್ಕೆ ಒಂದು ಕಾರಣ ಅಂತ ಆಮೇಲಿನ ಅಧ್ಯಯನ ತೋರಿಸಿತು. ಅದನ್ನು ಓದಿದಾಗ ಕಣ್ಣೆದುರು ಬಂದದ್ದು ಆ ಟ್ರೇ ಬೀಳಿಸಿದ ಹುಡುಗ. ನನ್ನ ಬಿಪಿ ನೋಡಲು ಡಾಕ್ಟರಮ್ಮ ಇದ್ದರು. ರಾತ್ರಿ ಮೇಜು ಸರಿಸಿ ಹೋಟೆಲಲ್ಲೇ ಮಲಗುವ ಅವನದ್ದನ್ನು ನೋಡುವವರು ಯಾರು? ಈಗ ಎಲ್ಲರಿಗೂ ವಾರಕ್ಕೊಂದು ಪೂರ್ತಿ ರಜೆ. ಕಾನೂನಿನಲ್ಲಿ ಮೊದಲೇ ಇದ್ದದ್ದೇ, ಕೊಡುತ್ತಿರಲಿಲ್ಲ ನಾನು. ಇಬ್ಬರು ಹೆಚ್ಚು ಹುಡುಗರು ಬೇಕಾದರು, ಲಾಭ ಸ್ವಲ್ಪ ಇಳಿಯಿತು. ಅದು ಸುಳ್ಳಲ್ಲ.

ಬಿಪಿಯನ್ನು ಮನೆಯಲ್ಲೇ ನೋಡುತ್ತೇನೆ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ಊರಿ, ಕೈ ಎದೆಯ ಮಟ್ಟಕ್ಕೆ ಇಟ್ಟು. ಮಾತಾಡಬಾರದು, ಹಿಂದಿನ ಅರ್ಧ ಗಂಟೆ ಕಾಫಿ ಇಲ್ಲ. ಈಗ 130/82ರ ಆಸುಪಾಸು. ಮೂರು ತಿಂಗಳ ಸಕ್ಕರೆ, ಆ ಎಚ್‌ಬಿಎ1ಸಿ, 5.9. ಮಾತ್ರೆಯಿಂದ ಎಷ್ಟು, ನಡಿಗೆಯಿಂದ ಎಷ್ಟು ಅಂತ ಬೇರೆ ಮಾಡಿ ಹೇಳಲಾಗದು ಅಂತಾರೆ ಡಾಕ್ಟರಮ್ಮ.

ಕಳೆದ ವಾರ ಸಂಜೆ ಗಾರ್ಡನ್ನಿನಿಂದ ವಾಪಸ್ ಬಂದರೆ ಅಡುಗೆ ಮನೆಯಲ್ಲಿ ಸುಟ್ಟ ವಾಸನೆ. ಗ್ರೈಂಡರಿನ ಮೋಟಾರ್ ಹೋಗಿತ್ತು. ಅಳಿಯ ಪಕ್ಕದ ಹೋಟೆಲಿನಿಂದ ಎರಡು ಡಬ್ಬ ಹಿಟ್ಟು ಸಾಲ ತಂದಿದ್ದ, ಮೆಕ್ಯಾನಿಕ್ ಆಗಲೇ ನೆಲದ ಮೇಲೆ ಕೂತು ತಂತಿ ಬಿಚ್ಚುತ್ತಿದ್ದ.

"ಒಂದು ಫೋನ್ ಮಾಡಬಾರದಿತ್ತಾ?" ಅಂದೆ.

"ಮಾಡಿದೆ ಮಾಮ," ಅಂದ. "ಗಲ್ಲೆಯ ಡ್ರಾಯರಿನಲ್ಲೇ ರಿಂಗ್ ಆಯಿತು."

ಆ ರಾತ್ರಿ 144/90 ಇತ್ತು. ಬರೆದಿಟ್ಟು ಮಲಗಿದೆ.