ಉಪ್ಪುನೀರಿನ ಇಂಜಿನ್: ಗಂಟೆ ಆಮೇಲೆ, ಬೋಲ್ಟು ಮೊದಲು

ನನ್ನ ಊರು ಅಂಕೋಲಾ. ಕೆಲಸ ಗೋವಾದಲ್ಲಿ, ಮಾಂಡೋವಿ ದಡದ ಮಾಲಿಂ ಜೆಟ್ಟಿಯ ಹತ್ತಿರ. ಹಳೇ ಬೋಟ್ ಇಂಜಿನ್ ಕೊಳ್ಳುವ ಮೊದಲು ಒಮ್ಮೆ ನೋಡಿಕೊಡು ಅಂತ ಕಾರವಾರ, ಕುಮಟಾ ಕಡೆಯವರು ಫೋನ್ ಮಾಡುತ್ತಿರುತ್ತಾರೆ. ಮಾರುವವರು ಎಲ್ಲರಿಗೂ ಮೊದಲು ಹೇಳುವುದು ಎಷ್ಟು ಗಂಟೆ ಓಡಿದೆ ಅಂತ. ನಾನು ಅದನ್ನು ಕೊನೆಗೆ ಕೇಳುತ್ತೇನೆ.

ಓಡುವ ಇಂಜಿನ್ನಿನಲ್ಲಿ ಅದನ್ನು ತಣ್ಣಗಿಡುವ ಸಮುದ್ರದ ನೀರು ಒಳಗೆ ಬಂದು ಹೊರಗೆ ಹೋಗುತ್ತಿರುತ್ತದೆ. ತೊಂದರೆ ಶುರುವಾಗುವುದು ನಿಂತ ಮೇಲೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಒಳಗೆ ಉಳಿದ ನೀರು ಆರಿದರೂ ಉಪ್ಪು ಅಲ್ಲೇ ಕೂರುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುವ ಹಾಗೆ ಅದೂ ಗಾಳಿಯ ತೇವ ಹೀರಿ ಒದ್ದೆಯಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಟ್ರಾಲರುಗಳಿಗೆ ಮೀನುಗಾರಿಕೆ ನಿಷೇಧ. ಪ್ರವಾಸಿಗಳ ಬೋಟುಗಳೂ ಹೆಚ್ಚಿನವು ದಡ ಸೇರಿರುತ್ತವೆ. ಬೋಟು ಸುಮ್ನೆ ಕೂತಿದೆ ಅಂತ ನಾವು ಅಂದುಕೊಂಡಿರುವಾಗಲೇ ಒಳಗೆ ಲೋಹ ಕರಗುತ್ತಿರುತ್ತದೆ.

ಹಾಗಾಗಿ ದಿನಾ ಓಡಿ, ದಿನಾ ಹತ್ತು ಹದಿನೈದು ನಿಮಿಷ ಸಿಹಿನೀರಲ್ಲಿ ತೊಳೆದ 1,500 ಗಂಟೆಯ ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗಡೆ ಸಿಕ್ಕಿಸುವ ಇಂಜಿನ್) ಇದ್ದರೆ ನಾನು ಧೈರ್ಯವಾಗಿ ಕೊಳ್ಳಿ ಅಂತೀನಿ. ಯಾರದೋ ಮೋಜಿನ ಬೋಟಿನಲ್ಲಿ 150 ಗಂಟೆ ಓಡಿ, ತೊಳೆಯದೆ ಎರಡು ಮೂರು ಮಳೆಗಾಲ ಕೂತದ್ದು ಬೇಡ.

ಗೋವಾದಲ್ಲಿ ಇನ್ನೊಂದು ಮಾತು ಜಾಸ್ತಿ ಕೇಳಿಸುತ್ತದೆ: "ಸಮುದ್ರಕ್ಕೆ ಇಳಿಸೇ ಇಲ್ಲ, ಬರೀ ನದಿಯಲ್ಲಿ ಓಡಿದ್ದು." ಯಾವ ತಿಂಗಳು ಅಂತ ಕೇಳಿ. ಮಳೆಗಾಲದಲ್ಲಿ ಮಾಂಡೋವಿ, ಜುವಾರಿ ನದಿಗಳ ಮೇಲಿನ ನೀರಿನಲ್ಲಿ ಉಪ್ಪು ಬಹಳ ಕಡಿಮೆಯಾಗುತ್ತದೆ, ನಿಜ. ಏಪ್ರಿಲ್, ಮೇಯಲ್ಲಿ ಪಣಜಿ ಹತ್ತಿರ ಅದು ಹೆಚ್ಚುಕಮ್ಮಿ ಸಮುದ್ರದಷ್ಟೇ ಉಪ್ಪು. ಭರತದ ಜೊತೆ ಉಪ್ಪುನೀರು ಬಹಳ ಒಳಗೆ ಬರುತ್ತದೆ ಅಂತಲೇ ಅಲ್ವಾ ಇಲ್ಲಿನ ಖಜಾನ್ ಗದ್ದೆಗಳಿಗೆ (ನದಿ ಅಂಚಿನ ತಗ್ಗು ಗದ್ದೆಗಳು) ಒಡ್ಡು, ಬಾಗಿಲು ಕಟ್ಟಿರೋದು! ಪ್ರವಾಸಿ ಬೋಟು ಹೆಚ್ಚಾಗಿ ಓಡುವುದು ಬೇಸಿಗೆ, ಚಳಿಗಾಲದಲ್ಲೇ. ಆದ್ದರಿಂದ ನದಿ ಬೋಟು ಅಂದರೂ ನಾನು ಉಪ್ಪಿನ ಲೆಕ್ಕದಲ್ಲೇ ನೋಡುತ್ತೇನೆ. ಬಾಗಾ, ಕಲಂಗುಟ್ ಕಡೆಯ ವಾಟರ್ ಸ್ಪೋರ್ಟ್ಸ್ ಬೋಟಾದರೆ ಉಪ್ಪಿನ ಜೊತೆ ಮರಳೂ ಸೇರುತ್ತದೆ. ದಡದ ಹತ್ತಿರ ಓಡಿಸಿ ಓಡಿಸಿ ನೀರಿನ ಪಂಪಿನ ಒಳಗೆಲ್ಲ ಗೀರು ಬಿದ್ದಿರುತ್ತದೆ.

ಹೋದ ಕೂಡಲೇ ಇಂಜಿನ್ ಮುಟ್ಟುತ್ತೇನೆ. ಬಿಸಿ ಇದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಎಷ್ಟು ಕಷ್ಟ ಅನ್ನೋದನ್ನು ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ. ಆಮೇಲೆ ಪೇಂಟು. ಕುಮಟಾದ ಹುಡುಗನೊಬ್ಬ ಡಾಲ್ಫಿನ್ ತೋರಿಸುವ ಬೋಟಿಗೆ ಅಂತ ಇಂಜಿನ್ ನೋಡಲು ಕರೆದಿದ್ದ. "ಅಣ್ಣಾ, ಪೇಂಟ್ ನೋಡಿ, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ!" ಅಂದ. "ತಮ್ಮಾ, ಆ ಹೊಸ ಪೇಂಟೇ ನನಗೆ ಹೆದರಿಕೆ" ಅಂದೆ. ಬೋಲ್ಟಿನ ತಲೆಯ ಮೇಲೂ ಪೇಂಟ್ ಹರಿದಿತ್ತು. ಬುಡದಲ್ಲಿ ಉಗುರು ಹಾಕಿದರೆ ಪೇಂಟ್ ಗುಳ್ಳೆ ಒಡೆದು ಬಿಳಿ ಪುಡಿ ಉದುರಿತು. ಅಲ್ಯೂಮಿನಿಯಂ ತಿಂದು ಹೋದ ಗುರುತು ಅದು. ಜಿಂಕ್ ತುಂಡಿನ ಮೇಲೂ ಪೇಂಟ್ ಬಳಿದಿದ್ದರು. ಇಂಜಿನ್ ಬದಲು ತಾನು ಕರಗಬೇಕಾದ ತುಂಡು ಅದು. ಅದಕ್ಕೆ ಪೇಂಟ್ ಬಳಿದರೆ ಇದ್ದೂ ಇಲ್ಲದ ಹಾಗೆ. ಅರ್ಧ ಸವೆದ ಜಿಂಕ್ ಕಂಡರೆ ನನಗೆ ಸಮಾಧಾನ. ಹಲವು ವರ್ಷದ ಇಂಜಿನ್ನಿನಲ್ಲಿ ಹಳೇ ಜಿಂಕೇ ಇದ್ದು ಒಂಚೂರೂ ಸವೆದಿಲ್ಲ ಅಂದರೆ, ಅದರ ಬದಲು ಬೇರೇನೋ ಸವೆದಿದೆ.

ನಾನು ಹೆಚ್ಚು ಹೊತ್ತು ಕೂರುವುದು ಥರ್ಮೋಸ್ಟಾಟ್ (ಇಂಜಿನ್ನಿನ ಬಿಸಿ ನೋಡಿ ನೀರು ಬಿಡುವ ಕವಾಟ) ಮುಚ್ಚಳದ ಮುಂದೆ. ಅಲ್ಯೂಮಿನಿಯಂ ಒಳಗೆ ಸ್ಟೀಲ್ ಬೋಲ್ಟು, ನಡುವೆ ಉಪ್ಪುನೀರು. ಎರಡು ಲೋಹ ಕಚ್ಚಿಕೊಳ್ಳಲು ಇಷ್ಟು ಸಾಕು. ಪಾನಾ ಹಾಕಿದಾಗ ಬೋಲ್ಟು ಮೆಲ್ಲಗೆ ಬಿಟ್ಟುಕೊಂಡರೆ ಯಾರೋ ಆಗಾಗ ಬಿಚ್ಚಿ ಗ್ರೀಸ್ ಹಚ್ಚಿದ್ದಾರೆ ಅಂತ ಅರ್ಥ. ಕಿರುಗುಟ್ಟಿ ಜಗ್ಗಿದರೆ ಅಲ್ಲೇ ನಿಲ್ಲಿಸಿ. ಮುರಿದರೆ ಯಾರ ಖರ್ಚು ಅಂತ ಬಿಚ್ಚುವ ಮೊದಲೇ ಮಾತಾಡಿಕೊಳ್ಳಿ.

ಮುಚ್ಚಳ ತೆಗೆದರೆ ಥರ್ಮೋಸ್ಟಾಟೇ ಇಲ್ಲದಿರುವುದೂ ಉಂಟು. ಬಿಸಿಯಾಗುವ ಇಂಜಿನ್ನನ್ನು ಮಾರುವವರೆಗೆ ತಣ್ಣಗಿಡಲು ಅದನ್ನು ಕಿತ್ತುಹಾಕಿರುತ್ತಾರೆ. ಹಾಗೆ ತೀರಾ ತಣ್ಣಗೆ ಓಡಿದ ಫೋರ್ ಸ್ಟ್ರೋಕಿನಲ್ಲಿ ಪೆಟ್ರೋಲ್ ಇಳಿದು ಆಯಿಲ್ ತೆಳ್ಳಗಾಗುತ್ತದೆ. ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಮೂಸಿದರೆ ಗೊತ್ತಾಗುತ್ತದೆ.

ಇನ್ನು ನೀರು ಹರಿಯುವ ದಾರಿ. ಬಿಳಿ ಪುಡಿ ಕೆರೆದಾಗ ಕೆಳಗೆ ನುಣುಪು ಲೋಹ ಕಂಡರೆ ತೊಂದರೆ ಮೇಲ್ಮೈಯದ್ದು, ತೊಳೆದರೆ ಮುಗಿಯಿತು. ಗುಂಡಿಗಳಿಗೆ ಉಗುರು ಸಿಕ್ಕಿದರೆ, ಅದೂ ಗ್ಯಾಸ್ಕೆಟ್ ಕೂರುವ ಅಂಚಿನ ಹತ್ತಿರ ಇದ್ದರೆ, ನಾನು ಒಂದು ಸೀಸನ್ನಿಗಿಂತ ಹೆಚ್ಚು ಭರವಸೆ ಕೊಡುವುದಿಲ್ಲ. ಇಂಪೆಲ್ಲರ್ (ನೀರಿನ ಪಂಪಿನ ರಬ್ಬರ್ ಚಕ್ರ), ಜಿಂಕ್, ಥರ್ಮೋಸ್ಟಾಟ್ ಎಲ್ಲ ಬದಲಾಯಿಸುವ ಸಾಮಾನು, ರೇಟಿನಲ್ಲಿ ಕಡಿಮೆ ಮಾಡಿಸಿದರಾಯಿತು. ಬ್ಲಾಕನ್ನೇ ಉಪ್ಪು ತಿಂದಿದ್ದರೆ ಮದ್ದಿಲ್ಲ.

ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡುವಾಗ ಎಲ್ಲ ಪ್ಲಗ್ಗೂ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಬ್ಯಾಟರಿ ತುಂಬಿರುವಾಗಲೇ ನೋಡಿ. ಅಂಕಿ ಎಷ್ಟು ದೊಡ್ಡದು ಅನ್ನೋದಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಎರಡರಲ್ಲಿ 120, 118 ಪಿಎಸ್‌ಐ ಬಂದು ಮೂರನೆಯದು 90 ತೋರಿಸಿದರೆ ಬೇಡ ಅನ್ನಿ. ಪ್ಲಗ್ಗಿನ ತುದಿಯಲ್ಲಿ ತುಕ್ಕು ಇದ್ದರೆ ಆ ಸಿಲಿಂಡರಿಗೆ ನೀರು ಹೋಗಿದೆ.

ಒಳಗೆ ಕೂರಿಸುವ ಡೀಸೆಲ್ ಇಂಜಿನ್ನಾದರೆ ಮೊದಲು ನೋಡಬೇಕಾದ್ದು ಹೊಗೆ ಹೋಗುವ ಎಲ್ಬೋ, ಅಂದರೆ ಬಾಗಿದ ಪೈಪು. ಹೋಸ್ ಬಿಚ್ಚಿ ಟಾರ್ಚ್ ಹಾಕಿ. ಸಮುದ್ರದ ನೀರು ಹಾಯುವ ಬೀಡುಕಬ್ಬಿಣದ ಎಲ್ಬೋ ಒಳಗಿನಿಂದಲೇ ತೂತಾಗುತ್ತದೆ. ಆಗ ನೀರು ಹಿಂದೆ ಸರಿದು ಸಿಲಿಂಡರಿಗೇ ಇಳಿಯುತ್ತದೆ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಹೊಗೆ ಬುಸುಬುಸು ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಗಂಟೆಯ ಲೆಕ್ಕಕ್ಕೆ ಬೆಲೆ ಇರುವುದು ಇಲ್ಲೇ, ಯಾಕೆಂದರೆ ಒಳಗಿನ ಸುತ್ತಿನಲ್ಲಿ ಸಿಹಿನೀರಿನ ಕೂಲೆಂಟ್ ಇರುವ ಇಂಜಿನ್ನಿನ ಬ್ಲಾಕಿಗೆ ಉಪ್ಪು ತಾಗುವುದಿಲ್ಲ.

ಬಕೆಟ್ ನೀರಿನಲ್ಲಿ ಓಡಿಸಿ ತೋರಿಸಿದರೆ ಒಪ್ಪಬೇಡಿ, ಅಲ್ಲಿ ಭಾರವೇ ಬೀಳುವುದಿಲ್ಲ. ನೀರಿಗೆ ಇಳಿಸಿ, ನಾಲ್ಕು ಜನರನ್ನು ಕೂರಿಸಿ, ಹತ್ತು ನಿಮಿಷ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ. ಅಲಾರಂ ಕೂಗದೆ, ಕಂಪನಿ ಹೇಳಿದ ಆರ್‌ಪಿಎಂ ಮುಟ್ಟಬೇಕು. ದಡಕ್ಕೆ ಬಂದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಗೇರ್ ಆಯಿಲ್‌ನ ಕೆಳಗಿನ ಸ್ಕ್ರೂ ಸಡಿಲಿಸಿ. ಮೊದಲು ನೀರು ಬಂದರೆ, ಅಥವಾ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ. ಸೀಲಿಗೆ ಖರ್ಚು ಕಡಿಮೆ. ಸ್ಕ್ರೂವಿನ ಮ್ಯಾಗ್ನೆಟ್‌ಗೆ ಲೋಹದ ಚೂರುಗಳು ಅಂಟಿದ್ದರೆ ಮಾತ್ರ ಗೇರಿನ ಖರ್ಚನ್ನೂ ರೇಟಿನಲ್ಲಿ ಕಳೆಯಿರಿ.