ಗ್ಯಾಸ್ ಗುಳಿಗೆ ಕೇಳುವ ಮೊದಲು

ಅಣ್ಣಿಗೇರಿಯಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. "ಎದಿಯಾಗ ಗ್ಯಾಸ್ ಹಿಡದೈತ್ರಿ, ಒಂದು ಗುಳಿಗಿ ಕೊಡ್ರಿ" ಅಂತ ವಾರಕ್ಕೆ ಮೂರ್ನಾಲ್ಕು ಜನ ಬರುತ್ತಾರೆ. ಮೊದಲೆಲ್ಲ ಸುಮ್ನೆ ಕೊಟ್ಟು ಕಳಿಸುತ್ತಿದ್ದೆ. ನಮ್ಮ ಅಪ್ಪನಿಗೂ ಹಾಗೇ ಕೊಟ್ಟೆ. ಸಂಜೆ ಮಿರ್ಚಿ ತಿಂದಿದ್ದರು, ಅದೇ ಇರಬೇಕು ಅಂದುಕೊಂಡೆ. ಮೂರು ತಾಸು ಹೋಯಿತು. ಬನಿಯನ್ ಹಿಂಡುವಷ್ಟು ಬೆವತ ಮೇಲೆ ಗದಗಕ್ಕೆ ಓಡಿದೆವು. ಹಾರ್ಟ್ ಅಟ್ಯಾಕ್ ಆಗಿತ್ತು. ಉಳಿದರು, ಆದರೆ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಈಗ ಗುಳಿಗೆ ಕೇಳಿದವರನ್ನು ನಾನೇ ಕೇಳುತ್ತೇನೆ. ಬೆವರು ಬಂದಿದೆಯಾ? ನೋವು ಕೈಗೋ ದವಡೆಗೋ ಬೆನ್ನಿಗೋ ಎಳೆಯುತ್ತಾ? ನಡೆದರೆ ಜಾಸ್ತಿಯಾಗುತ್ತಾ? ಒಂದಕ್ಕೆ ಹೌದು ಅಂದರೂ ಗುಳಿಗೆ ಇಲ್ಲ, ಮೊದಲು ಇಸಿಜಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಸಿರುಗಟ್ಟುವುದು ಇರಬಹುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿಯೂ, ಹೆಪ್ಪು ಕರಗಿಸುವ ಇಂಜೆಕ್ಷನ್ನೂ ಪುಕ್ಕಟೆ. ಬೈಕ್ ಹೊಡೆದುಕೊಂಡು ಒಬ್ಬರೇ ಹೋಗಬೇಡಿ, 108ಕ್ಕೆ ಫೋನ್ ಮಾಡಿ.

ಲಕ್ವಾದಲ್ಲೂ ಗಡಿಯಾರವೇ ಮುಖ್ಯ. ನಗಲು ಹೇಳಿ, ಬಾಯಿ ಒಂದು ಕಡೆ ಎಳೆಯುತ್ತಾ ನೋಡಿ. ಎರಡೂ ಕೈ ಎತ್ತಿಸಿ, ಒಂದು ಕೆಳಗೆ ಜಾರುತ್ತಾ ನೋಡಿ. ಹೆಸರು ಹೇಳಿಸಿ, ಮಾತು ತೊದಲುತ್ತಾ? ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಹಾಗಾಗಿ ಸ್ಕ್ಯಾನ್ ಇಲ್ಲದ ಸಣ್ಣ ದವಾಖಾನೆಗೆ ಹೋದರೆ ಅಲ್ಲಿಂದ ಮತ್ತೆ ಹುಬ್ಬಳ್ಳಿ ದಾರಿಯೇ. ಎಷ್ಟು ಗಂಟೆಯವರೆಗೆ ಸರಿ ಇದ್ದರು ಅನ್ನೋದನ್ನು ನೆನಪಿಡಿ, ಡಾಕ್ಟರ್ ಮೊದಲು ಕೇಳುವುದೇ ಅದನ್ನು. ಎಣ್ಣೆ ತಿಕ್ಕಿಸಲು ಹೋಗಿ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ.

ಹೊಲದಲ್ಲಿ ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ನೇರ ಸರ್ಕಾರಿ ಆಸ್ಪತ್ರೆ. ನಾಯಿ ಕಚ್ಚಿದರೆ 15 ನಿಮಿಷ ನಲ್ಲಿ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು, ಅವತ್ತೇ ಇಂಜೆಕ್ಷನ್. ನಾಳೆ ಸಂತೆಗೆ ಹೋದಾಗ ನೋಡೋಣ ಅನ್ನುವಂಗಿಲ್ಲ.

ಉಳಿದ ಸಣ್ಣಪುಟ್ಟದ್ದಕ್ಕೆಲ್ಲ ನಿಮ್ಮ ಓಣಿಯ ಡಾಕ್ಟರೇ ಸರಿ. ಎರಡು ದಿನದ ಜ್ವರ, ಕೆಮ್ಮು, ಸೊಂಟ ನೋವು, ಬಿಪಿ ಗುಳಿಗೆ ಮುಗಿದದ್ದು. ಅವರಿಗೆ ನಿಮ್ಮ ಹಳೆ ಕಥೆಯೆಲ್ಲ ಗೊತ್ತಿರುತ್ತದಲ್ವಾ? ಎಮರ್ಜೆನ್ಸಿಯಲ್ಲಿ ಕೆಮ್ಮಿಗೆ ಹೋಗಿ ಕೂತರೆ ಅಪಘಾತದವರು ಬಂದಾಗೆಲ್ಲ ನಿಮ್ಮ ಸರದಿ ಹಿಂದೆ ಸರಿಯುತ್ತದೆ, ಅದರಲ್ಲಿ ಸಿಟ್ಟಾಗುವಂಥದ್ದೇನಿಲ್ಲ. ಆದರೆ ಜ್ವರದ ಜೊತೆ ಫಿಟ್ಸ್, ಕುತ್ತಿಗೆ ಬಿಗಿತ, ಎಬ್ಬಿಸಿದರೂ ಏಳದ ಮಂಪರು ಇದ್ದರೆ ಲೆಕ್ಕ ಬೇರೆ. ಮೂರು ತಿಂಗಳೊಳಗಿನ ಕೂಸಿಗೆ 100.4 ದಾಟಿದರೆ ರಾತ್ರಿ ಎರಡಾದರೂ ಹೊರಡಿ.

ನಮ್ಮ ಮನೆ ಬಾಗಿಲ ಹಿಂದಿನ ಮೊಳೆಗೆ ಈಗ ಒಂದು ಕೈಚೀಲ ನೇತಾಡುತ್ತದೆ. ಅದರಲ್ಲಿ ಅಪ್ಪನ ಹಳೆ ಇಸಿಜಿ, ಗುಳಿಗೆಗಳ ಚೀಟಿ, ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್, ಒಂದು ಟವೆಲ್ ಇವೆ. ಅಪ್ಪ ಅದರಲ್ಲಿ ತಮ್ಮ ಎಲೆ ಅಡಿಕೆ ಸಂಚಿಯನ್ನೂ ತುರುಕಿದ್ದಾರೆ.